ಬಲಭುಜದ ಹೂವು

ಮೈಂದರ್ಗಿ,
ಸೋಮವಾರ, ೧೬ ಜೂನ್ ೨೦೨೫

ನನ್ನ ಮುದ್ದಿನ ಮೊಮ್ಮಗಳು ಕಾಜಲಳಿಗೆ ನಿನ್ನ ಆಯಿಯ ಮುತ್ತುಗಳು.

ಹೇಗಿದ್ದೀಯವ್ವಾ? ಸೊಲ್ಲಾಪುರದ ಆ ರೂಮಿನಲ್ಲಿ ನೀರು ಸರಿಯಾಗಿ ಬರುತ್ತಿದೆಯೇ? ದನದ ದವಾಖಾನೆಯಿಂದ ಬಂದು ಬರೀ ಚಹಾ ಕುಡಿದು ಮಲಗಬೇಡ, ರೊಟ್ಟಿಗೆ ಹಚ್ಚಿಕೊಳ್ಳಲು ಕೊಟ್ಟ ಶೇಂಗಾಹಿಂಡಿ ಡಬ್ಬಿಯಲ್ಲೇ ಹಾಳಾದೀತು. ನನ್ನ ಮೊಣಕಾಲು ಹಾಗೇ ಇದೆ, ಅದರ ಮಾತು ಬಿಡು. ಮರಾಠಿ ಶಾಲೆಯಲ್ಲಿ ಕಲಿತ ನೀನು ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತೀ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಫೋನು ಮಾಡಿದರೆ ನಿಮ್ಮವ್ವ ಸ್ಪೀಕರಿಗೆ ಹಾಕುತ್ತಾಳೆ, ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಈ ಮಾತು ನಿನಗೊಬ್ಬಳಿಗೇ.

ಕಾಜಲ, ಕೇಳು. ನೀನು ನ್ಯೂಜಿಲೆಂಡಿಗೆ ಓದಲು ಹೋಗಬೇಕೋ ಬೇಡವೋ ಎಂದು ಗುರುವಾರ ನಮ್ಮ ಮನೆದೇವರು ಬೀರೋಬಾನ ಮೂರ್ತಿಯ ಎರಡೂ ಭುಜಕ್ಕೆ ಹೂವು ಹಚ್ಚಿ ಕೇಳಿದೆವಲ್ಲ. ಬಲಭುಜದ ಹೂವು ಮೊದಲು ಬಿದ್ದರೆ ಹೋಗು, ಎಡದ್ದು ಬಿದ್ದರೆ ಇರು. ಎಡದ್ದು ಬಿತ್ತು. "ಅಲ್ಲಿ ಮಂದಿಗಿಂತ ಕುರೀನ ಜಾಸ್ತಿ ಅದಾವ ಆಯಿ, ಕುರಿ ಬ್ಯಾನಿಗೆ ಔಷಧ ಎಲ್ಲಾ ಕಲ್ತು ಬರ್ತೀನಿ" ಎಂದು ವರ್ಷವಿಡೀ ನನ್ನ ತಲೆ ತಿಂದವಳು ಅಂದು ದೇವರಿಗೆ ಅಡ್ಡಬಿದ್ದು, ಚಪ್ಪಲಿ ಮೆಟ್ಟಿ, ಸಂಜೆಯ ಬಸ್ಸಿಗೆ ಹೊರಟೇಬಿಟ್ಟೆ.

ನಿನ್ನೆ ಐತವಾರ, ದೇವರನ್ನು ತೊಳೆಯುವ ಸರದಿ ನಮ್ಮದು. ಕೊಡ ನೀರು ಸುರಿದೆ. ಅಯ್ಯೋ ದೇವರೇ, ಬಲಭುಜದ ಹೂವು ಇನ್ನೂ ಅಲ್ಲೇ ಇತ್ತು! ಬಾಡಿ ಕಪ್ಪಾಗಿದೆ, ಆದರೆ ಬೀಳುವುದಿಲ್ಲ. ಉಗುರಿನಿಂದ ಕೆರೆದೆ. ಅದರಡಿ ದೇವರಿಗೆ ಎರಚುವ ಭಂಡಾರದ ಅರಿಶಿನವನ್ನು ಬೆಲ್ಲದ ನೀರಲ್ಲಿ ಕಲಸಿ ಮೆತ್ತಿದ್ದು, ಒಂದು ಪದರಲ್ಲ, ಮೂರು ಪದರು. ಪೂಜಾರಿ ತುಕಾರಾಮನ ಮನೆಗೇ ಹೋದೆ. "ಇಷ್ಟ್ಯಾಕ ಮೆತ್ತೀಯೋ?" ಎಂದೆ. "ನಾ ಏನ್ ಮಾಡ್ಲಿರಿ ಅವ್ವಾರ? ಹುಡುಗಿ ಹೋಗಬಾರದು ಅಂತ ನಿಮ್ಮ ಮನ್ಯಾಗಿಂದ ಮೂರು ಮಂದಿ ಒಬ್ಬೊಬ್ಬರಾಗಿ ಬಂದ್ರಿ. ಮೂರು ಸಲ ಹಚ್ಚೀನ್ರಿ" ಎಂದ. ಹೆಸರು ಹೇಳಿಸಿಕೊಂಡೇ ಮನೆಗೆ ಬಂದೆ.

ಒಬ್ಬ ನಿಮ್ಮಪ್ಪ ರೇವಣ್ಣ. ಅಕ್ಕಲಕೋಟದ ಬಜಾರಿನಲ್ಲಿ ಕಂಡಕಂಡವರಿಗೆ ಪೇಢೆ ಹಂಚಿ "ನನ್ನ ಮಗಳು ಪರದೇಶಕ್ಕ ಹೊಂಟಾಳ" ಎಂದು ಮೆರೆದವನು! ಇನ್ನೊಬ್ಬಳು ನಿಮ್ಮವ್ವ ಶುಭಾಂಗಿ. ಅಲ್ಲಿ ಚಳಿ ಎಂದು ನಿನಗೆ ಸ್ವೆಟರ್ ಹೆಣೆದ ಕೈಗಳು ಇದನ್ನೂ ಮಾಡಿಸಿದವು! ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಕೇಳಿದೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ, ಬಾಯಿ ತೆರೆದು ಮುಖಮುಖ ನೋಡಿಕೊಂಡರು. "ಕುರಿ ತಪ್ಪಿಸಿಕೊಂಡ್ರ ಹುಡುಕಿ ತರಬಹುದವ್ವಾ, ಆಕಿ ಅಲ್ಲೇ ಉಳಿದ್ರ ನಾ ಎಲ್ಲಿ ಹುಡುಕ್ಲಿ?" ಎಂದು ನಿಮ್ಮಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನಿಮ್ಮವ್ವ ಅಳುತ್ತ ಒಳಗೆ ಹೋದವಳು ರೊಟ್ಟಿ ಬಡಿಯಲು ಸಹ ಏಳಲಿಲ್ಲ. ನಿನ್ನ ಮುಖ ನೋಡಿ ಬೇಡ ಎನ್ನುವ ಧೈರ್ಯ ಒಬ್ಬರಿಗೂ ಇಲ್ಲ. ಎಲ್ಲರೂ ಆ ದೇವರ ಹೆಗಲಿಗೆ ಹೊರಿಸಿದರು. ಅವರನ್ನು ಬಯ್ಯಬೇಡವ್ವಾ, ಬಯ್ಯುವುದನ್ನೆಲ್ಲ ನಾನೇ ಬಯ್ದಿದ್ದೇನೆ.

ಬೀರೋಬಾ ನಿನ್ನ ಬೆನ್ನ ಹಿಂದೆ ಇರಲಿ, ಎಲ್ಲೇ ಇದ್ದರೂ ಹೊಟ್ಟೆ ತಂಪಾಗಿರಲಿ.

ನಿನ್ನ ಆಯಿ,
ಸುಗಲಾಬಾಯಿ

ತಾ.ಕ.: ಪಕ್ಕದ ಮನೆಯ ಯೋಗಿರಾಜ ಸೊಲ್ಲಾಪುರಕ್ಕೆ ಹೊರಟು ಈ ಪತ್ರ ಒಯ್ಯಲು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸು ತಪ್ಪುತ್ತದೆ ಎನ್ನುತ್ತಿದ್ದಾನೆ. ಮೂರನೆಯವಳು ನಾನು ಕಾಜಲ. ಎಲ್ಲರಿಗಿಂತ ಮೊದಲು ತುಕಾರಾಮನ ಹತ್ತಿರ ಹೋದವಳೂ ನಾನೇ. ನಿನ್ನನ್ನು ನೋಡದೆ ಸತ್ತುಹೋದೇನೆಂದು ಹೆದರಿದೆ. ದೇವರು ನಿನಗೆ ಬೇಡವೆಂದಿಲ್ಲ, ಅವನ ಬಾಯಿ ಮುಚ್ಚಿದ್ದು ನಾವು. ಆ ಕಾಲೇಜಿಗೆ ಉತ್ತರ ಬರೆಯಲು ಶುಕ್ರವಾರದ ತನಕ ವೇಳೆ ಇದೆ ಎಂದಿದ್ದೆಯಲ್ಲ, ನಿನಗೆ ತಿಳಿದಂತೆ ಬರೆ. ಯಾರನ್ನೂ ಕೇಳಬೇಡ, ನನ್ನನ್ನೂ ಕೇಳಬೇಡ. ನಾನು ಕೆರೆದ ಮೇಲೆ ಬಲಭುಜದ ಹೂವು ಬಿತ್ತು. ಅದನ್ನು ಈ ಪತ್ರದೊಳಗೆ ಇಟ್ಟಿದ್ದೇನೆ.