ನಾಯಿಮರಿ ತರಲು ಹೋಗಿದ್ದೇನೆ

ರೀ,

ಅನ್ನ, ಸಾರು ಒಲೆಯ ಮೇಲಿವೆ. ನನಗಾಗಿ ಕಾಯಬೇಡಿ, ಉಣ್ಣಿ. ನ್ಯಾಮತಿಗೆ ಅಕ್ಕನ ಮನೆಗೆ ಹೊರಟಿದ್ದೇನೆ. ಆ ಕಂದು ನಾಯಿಮರಿಯನ್ನು ತರುತ್ತೇನೆ.

ನಿನ್ನೆ ಊಟಕ್ಕೆ ಕೂತಾಗ ಅಕ್ಕನ ಮನೆಯ ಆ ಮರಿಯ ಮಾತೆತ್ತಿದ್ದಕ್ಕೆ, "ಲೋಟ ಹಿಡಿಯಾಕೆ ಆಗಲ್ಲ ನಿನಗೆ, ನಾಯಿ ಹೆಂಗೆ ಹಿಡೀತೀಯ?" ಅಂದಿರಿ. ಸುಳ್ಳಲ್ಲ. ಈ ಕೀಲುವಾತ ಬಂದಾಗಿನಿಂದ ಬೆಳಗಿನ ಹೊತ್ತು ನನ್ನ ಬೆರಳು ನನ್ನ ಮಾತೇ ಕೇಳುವುದಿಲ್ಲ.

ಇವತ್ತು ನೀವು ಬಸ್ಸಿನ ಡ್ಯೂಟಿಗೆ ಹೋದ ಮೇಲೆ ಹಾಸಿಗೆಯಿಂದ ಏಳಲಾಗಲಿಲ್ಲ. ಎದುರುಮನೆ ಆಯಿಷಾ ಬಂದು ಬಾಗಿಲು ಬಡಿದಳು. ಓಗೊಟ್ಟೆ. ಕೇಳಿಸಲಿಲ್ಲವೇನೋ, ಹೊರಟುಹೋದಳು. ಬಿಸಿಲೇರುವವರೆಗೂ ಗೋಡೆ ಮೇಲಿನ ಹಲ್ಲಿಯ ಜೊತೆ ಮಾತಾಡಿಕೊಂಡು ಮಲಗಿದ್ದೆ. ನಗಬೇಡಿ.

ಬೆರಳು ಸಡಿಲವಾದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. "ಬಾರೇ, ನಿನಗೇ ಅಂತ ಇಟ್ಟೀನಿ" ಅಂದಳು.

ಸಂಜೆ ಮರಿಯನ್ನು ಓಡಾಡಿಸುವ ಕೆಲಸ ನಿಮ್ಮದು, ನನ್ನ ಕೈಲಾಗದು. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೊಳ್ಳಿ, ಅದರ ಮೇಲೆ ಬೇಡ.

ನಾನು ಏಳಲಾಗದ ದಿನ ಅದೂ ನನ್ನ ಪಕ್ಕದಲ್ಲಿ ಮಲಗಿರಲಿ. ನೀವು ಡ್ಯೂಟಿಗೆ ಹೋಗುವ ಮುಂಚೆ ಇಬ್ಬರಿಗೂ ಹಾಲಿಟ್ಟು ಹೋಗಿ.

ಸರ್ವಮಂಗಳ