ಬಲಗೈ ಬಿಡಿ ಎಂದೆ

ಅಮ್ಮಾ,

ನಿನ್ನೆ ಬೆಳಿಗ್ಗೆ ನನಗೆ ಹೆರಿಗೆಯಾಯಿತು. ಹೆಣ್ಣು ಮಗು.

ಜೈಲಿನಿಂದ ಆಸ್ಪತ್ರೆಗೆ ಕರೆತಂದ ಪೊಲೀಸಮ್ಮ ಮಂಚಕ್ಕೆ ಬೇಡಿ ಹಾಕುವ ಮೊದಲು, "ಒಂದೇ ಕೈ ಕಟ್ಟೋದು. ಯಾವುದು ಬಿಡ್ಲಿ?" ಎಂದು ಕೇಳಿದ್ದಳು. ಊಟ, ನೀರಿನ ಯೋಚನೆಯಲ್ಲಿ ನಾನು ಬಲಗೈ ಎಂದಿದ್ದೆ. ಮಗುವನ್ನು ಕೊಟ್ಟಾಗಲೇ ತಪ್ಪು ಗೊತ್ತಾದದ್ದು; ಮಗುವನ್ನು ಅವುಚಿಕೊಳ್ಳಬೇಕಾದ ಎಡಗೈ ಬೇಡಿಯಲ್ಲಿತ್ತು. ನೀನು ತಂಗಿಯನ್ನು ಎಡಗೈಯಲ್ಲಿ ಅವುಚಿಕೊಂಡೇ ಬಲಗೈಯಲ್ಲಿ ಅಡುಗೆ ಮುಗಿಸುತ್ತಿದ್ದೆ.

ಬೇಡಿಯ ಕೀಲಿ ಇಟ್ಟುಕೊಂಡಿದ್ದ, ಅವಳ ಜೊತೆ ಬಂದಿದ್ದ ಇನ್ನೊಬ್ಬ ಪೊಲೀಸಿನವಳು ತಿಂಡಿಗೆ ಹೋಗಿದ್ದಳು. ಈ ಪೊಲೀಸಮ್ಮ ಗೊಣಗುತ್ತಲೇ ಪಕ್ಕದಲ್ಲಿ ಕೂತು, ಮಗುವಿನ ತಲೆಗೆ ತನ್ನ ಕೈ ಆನಿಸಿದಳು.

"ಕುಡಿಸು, ನಾ ಹಿಡ್ಕೊಂಡಿರ್ತೀನಿ. ಇಷ್ಟು ಹೇಳ್ಕೊಡೋಕೆ ನಿಂಗೆ ಅಮ್ಮ ಇಲ್ವೇನೇ?"

ಇಲ್ಲ ಎಂದುಬಿಟ್ಟೆ. ಆಸ್ಪತ್ರೆಯವರು ಮಗುವಿನ ಕಾಗದದಲ್ಲೂ ಅಜ್ಜಿ ಇಲ್ಲ ಎಂದೇ ಬರೆದುಕೊಂಡರು.

ಈ ಪತ್ರ ಕಳಿಸಿದರೆ, ಬೇಡಿಯಲ್ಲಿರುವ ನನ್ನನ್ನು ನೋಡಲು ನೀನು ಬಂದೇಬಿಡುತ್ತೀಯಲ್ಲ, ಅಮ್ಮಾ.