ತುಪ್ಪ ಬ್ಯಾಡ ಅಂದಾಳೇನು?

ಕರಜಗಿ,
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಅಮ್ಮಿಗೆ ನಿನ್ನ ಗುಲಫಶಾಳ ಸಲಾಂ.

ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೊಳ್ಳುವ ಹಕ್ಕು ನಿನ್ನದು, ನೆಪ ಹೇಳುವ ಹಕ್ಕು ನನ್ನದು. ಫೋನ್ ಮಾಡಿದರೆ ಅತ್ತೆ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾರೆ. ಹೀಗಾಗಿ ನಾವಿಬ್ಬರೂ ನಿಮ್ಮ ಮಟಕಿಯ ಬಿಸಿಲು, ನಮ್ಮ ಕರಜಗಿಯ ಬಿಸಿಲು ಎಂದು ಹವಾಮಾನ ಇಲಾಖೆಯವರ ಹಾಗೆ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದವಾದರೆ ಅವರಿಗೆ ಓದಲು ಬಾರದು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಅಕ್ಷರ ತಿದ್ದಿಸಿದವಳ ಮಗಳು ಇನ್ನೊಬ್ಬರಿಗೆ ಓದು ಬಾರದ್ದಕ್ಕೆ ಖುಷಿಪಡಬಾರದು. ಪಡುತ್ತಿದ್ದೇನೆ, ಕ್ಷಮಿಸು.

ನಿನ್ನ ಮಂಡಿನೋವು ಹೇಗಿದೆ? ಹೊಸ ತೂಕದ ಯಂತ್ರ ಬಂತೇ, ಅಥವಾ ಇನ್ನೂ ಆ ಹಳೆಯ ತಕ್ಕಡಿಯಲ್ಲೇ ಕೂಸುಗಳನ್ನು ಜೋಕಾಲಿ ಆಡಿಸಿ, ತೂಕ ಸಾಲದವರನ್ನು ಚಾರ್ಟಿನ ಹಳದಿ ಗೆರೆಯಲ್ಲಿ ಗುರುತು ಹಾಕುತ್ತೀಯಾ?

ನನ್ನ ಸುದ್ದಿ ಕೇಳು. ಈಗ ಮೂವತ್ತೊಂದನೆಯ ವಾರ. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಬಂದಿದೆ. ಸಕ್ಕರೆ, ಬೆಲ್ಲ, ಹೋಳಿಗೆ ಮುಟ್ಟಬೇಡವೆಂದು ಅಫಜಲಪುರದ ಡಾಕ್ಟರಮ್ಮ ಹೇಳಿದ ದಿನವೇ ಅತ್ತೆ ಸಕ್ಕರೆ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದರು. ಮಗನಿಗೂ ಸಪ್ಪೆ ಚಹಾ. ನಿನ್ನ ಅಳಿಯ ಅಜೀಮ ದೀಪಾವಳಿಯಿಂದ ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದಾನೆ. ಊರಿಗೆಲ್ಲ ಸಕ್ಕರೆ ಸಾಗಿಸುವವನಿಗೆ ಮನೆಯಲ್ಲಿ ಒಂದು ಚಮಚ ಇಲ್ಲ.

ಸಕ್ಕರೆ ಹೋದ ಬಾಗಿಲಲ್ಲೇ ತುಪ್ಪ ಒಳಗೆ ಬಂತು. ರೊಟ್ಟಿಯ ಮೇಲೆ ತುಪ್ಪ, ಬೇಳೆಯ ಮೇಲೆ ತುಪ್ಪ, ಹಾಲಿನಲ್ಲಿ ತುಪ್ಪ, ಶೇಂಗಾ ಹಿಂಡಿಯ ಮೇಲೆ ಎಣ್ಣೆಯ ಕೆರೆ. ಬೇಡವೆಂದರೆ ಅತ್ತೆಯ ಬಳಿ ಉತ್ತರ ಸಿದ್ಧ.

“ಸಕ್ಕರಿ ಬ್ಯಾಡ ಅಂದಾಳ ಡಾಕ್ಟರ್‌ಬಾಯಿ. ತುಪ್ಪ ಬ್ಯಾಡ ಅಂದಾಳೇನು? ತಿನ್ನ ಬೇ.”

ಹೋದ ಬುಧವಾರ ಡಾಕ್ಟರಮ್ಮ ಹಸಿದ ಹೊಟ್ಟೆಯಲ್ಲಿ ರಕ್ತ ತೆಗೆಸಿ, ಸಕ್ಕರೆಯ ಜೊತೆಗೆ ಕೊಬ್ಬನ್ನೂ ನೋಡಿಸಿದರು. ಸಕ್ಕರೆ ಲಗಾಮಿನಲ್ಲಿದೆ. ಕೊಬ್ಬು ಹೆಚ್ಚಾಗಿದೆಯಂತೆ. ಕಾಲೇಜಿನ ದಿನಗಳಲ್ಲಿ ನೀನು ದಿನಕ್ಕೆ ಮೂರು ಸಲ ಬರಿಗಣ್ಣಿನಿಂದಲೇ ಹೇಳುತ್ತಿದ್ದ ಮಾತು. ಈಗ ಅದಕ್ಕೆ ಲ್ಯಾಬಿನ ಮೊಹರು ಬಿದ್ದಿದೆ. ನಾನು ನಕ್ಕೆ. ಅವರು ನಗಲಿಲ್ಲ. ಬಸುರಿಯ ರಕ್ತದಲ್ಲಿ ಕೊಬ್ಬು ಏರುವುದು ಸಹಜ, ಆದರೆ ಈ ಕಾಯಿಲೆಯ ಜೊತೆ ಅಳತೆ ಮೀರಿದರೆ, ಸಕ್ಕರೆ ಹತೋಟಿಯಲ್ಲಿದ್ದರೂ ಕೂಸು ಮಿತಿಗಿಂತ ದಪ್ಪವಾಗಬಹುದು ಎಂದು ಬಿಡಿಸಿ ಹೇಳಿದರು. ಸ್ಕ್ಯಾನಿನಲ್ಲಿ ಕೂಸು ಅಳತೆಯಲ್ಲಿ ಮೂರು ವಾರ ಮುಂದಿದೆ. ನಮ್ಮ ವಂಶದಲ್ಲಿ ಯಾವುದಕ್ಕೂ ಯಾರೂ ಹೊತ್ತಿಗೆ ಮುಂಚೆ ಬಂದವರಲ್ಲ. ಇದು ಯಾರನ್ನು ಹೋಲುತ್ತದೋ.

ಅತ್ತೆ ‘ಮೂರು ವಾರ ಮುಂದೆ’ ಎಂಬುದನ್ನಷ್ಟೇ ಕೇಳಿಸಿಕೊಂಡರು. ಓಣಿಗೆಲ್ಲ ಪೈಲ್ವಾನ ಬರುತ್ತಿದ್ದಾನೆಂದು ಸಾರಿ ಬಂದರು. ಅವರನ್ನು ಕೆಟ್ಟವರೆಂದುಕೊಳ್ಳಬೇಡ, ಅಮ್ಮಿ. ಅಜೀಮ ಹುಟ್ಟಿದಾಗ ಬೆಕ್ಕಿನ ಮರಿಯಷ್ಟಿದ್ದನಂತೆ. ಎರಡು ತಿಂಗಳು ಅರಳೆಯಲ್ಲಿ ಸುತ್ತಿ, ಉಸಿರಿದೆಯೇ ಎಂದು ಮೂಗಿಗೆ ಬೆರಳು ಹಿಡಿದು ಸಾಕಿದ್ದಾರೆ. ಸಣ್ಣ ಕೂಸಿನ ಭಯ ಅವರಿಗೆ ಗೊತ್ತು. ದೊಡ್ಡ ಕೂಸಿಗೂ ಭಯಪಡಬೇಕೆಂದು ಅವರಿಗೆ ಯಾರು ಹೇಳಬೇಕು?

ಡಾಕ್ಟರಮ್ಮನ ಚೀಟಿಯಲ್ಲಿ ಮೂರು ಮಾತುಗಳಿವೆ. ಎಣ್ಣೆ ತುಪ್ಪ ಕಡಿಮೆ ಮಾಡು. ಉಂಡ ಮೇಲೆ ಅರ್ಧ ತಾಸು ನಡೆ. ಸೋಮವಾರ ಕಲಬುರಗಿಯ ದೊಡ್ಡ ದವಾಖಾನೆಗೆ ಹೋಗಿ ತೋರಿಸು, ಹೆರಿಗೆ ಅಲ್ಲೇ ಆಗಲಿ. ಅತ್ತೆ ಮೂರಕ್ಕೂ ಒಂದೇ ಉತ್ತರ ಕೊಟ್ಟರು: ಹೋದ ಸಲ ತವರಿಗೆ ಕಳಿಸಿದೆ, ನೀನು ಬರಿ ಉಡಿ ಹೊತ್ತು ಬಂದೆ, ಈ ಸಲ ಇನ್ನು ತೊಟ್ಟಿಲು ಕಟ್ಟುವ ತನಕ ಹೊಸ್ತಿಲು ದಾಟುವಂತಿಲ್ಲ. ಅಜೀಮ ವಾರಕ್ಕೊಮ್ಮೆ ಬಂದು, ಅಮ್ಮಾ ಹೇಳಿದಂಗ ಇರು, ಎರಡು ತಿಂಗಳ ಮಾತು ಎಂದು ಮಲಗಿಬಿಡುತ್ತಾನೆ.

ಹಾಗಾಗಿ ನನ್ನ ನಡಿಗೆ ಅಡುಗೆಮನೆಯಿಂದ ಬಚ್ಚಲಿನವರೆಗೆ. ಇಪ್ಪತ್ತೆರಡು ಹೆಜ್ಜೆ, ದಿನಕ್ಕೆ ನೂರು ಸಲ. ಇಷ್ಟೊತ್ತಿಗೆ ಜೇವರ್ಗಿ ಮುಟ್ಟಬೇಕಿತ್ತು. ಇನ್ನೂ ಬಚ್ಚಲಲ್ಲೇ ಇದ್ದೇನೆ. ತಲಬಾಗಿಲಲ್ಲಿ ಅತ್ತೆ ಪುಂಡಿಪಲ್ಯ ಸೋಸುತ್ತ ಕೂತಿರುತ್ತಾರೆ. ಸೋಸಿ ಮುಗಿದ ಮೇಲೂ ಕೂತಿರುತ್ತಾರೆ. ಕೆಲವು ದಿನ ತುಪ್ಪದ ರೊಟ್ಟಿಯನ್ನು ಕದ್ದು ಬೆಕ್ಕಿಗೆ ಹಾಕಿದೆ. ಈಗ ಅದೂ ನನ್ನ ಹಾಗೆ ಓಲಾಡಿಕೊಂಡು ನಡೆಯುತ್ತದೆ. ಅದರ ರಕ್ತವನ್ನೂ ತಪಾಸಣೆಗೆ ಕಳಿಸಬೇಕು. ಅತ್ತೆಗೆ ಗೊತ್ತಾದಂದಿನಿಂದ ನಾನು ನುಂಗುವ ತನಕ ಎದುರಿಗೇ ಇರುತ್ತಾರೆ. ತಟ್ಟೆ ಖಾಲಿಯಾದರೆ ಹಣೆ ನೇವರಿಸುತ್ತಾರೆ. ಬೈದರೆ ತಿರುಗಿ ಬೈಯಬಹುದಿತ್ತು. ನೇವರಿಸುವ ಕೈಗೆ ಏನು ಹೇಳಲಿ?

ಸೋಮವಾರದೊಳಗೆ ನೀನು ಬರಬೇಕು, ಅಮ್ಮಿ. ಮಟಕಿಯಲ್ಲಿ ಯಾವ ಸೊಸೆಯನ್ನು ಯಾವ ಅತ್ತೆ ತಡೆದರೂ ಮನೆ ಮುಂದೆ ನಿಂತು ದವಾಖಾನೆಗೆ ಕರೆದುಕೊಂಡು ಹೋದವಳು ನೀನು. ನನ್ನ ಹೊಸ್ತಿಲಿಗೆ ಮಾತ್ರ ಹತ್ತಿರ ಹತ್ತಿರ ಎರಡು ವರ್ಷದಿಂದ ಬಂದಿಲ್ಲ. ಏಕೆಂದು ನನಗೆ ಗೊತ್ತು.

ನಿನ್ನ ದುವಾ ನನ್ನ ಮೇಲೆ, ಅಲ್ಲಾಹನ ನೆರಳು ನಿನ್ನ ಮೇಲೆ ಇರಲಿ. ಮಂಡಿಗೆ ದಿನಾ ಎಣ್ಣೆ ಹಚ್ಚಿಕೊ. ನಮ್ಮಿಬ್ಬರಲ್ಲಿ ಎಣ್ಣೆಗೆ ಪರವಾನಗಿ ಇರುವುದು ನಿನ್ನ ಮಂಡಿಗೆ ಮಾತ್ರ.

ನಿನ್ನ ಮಗಳು,
ಗುಲಫಶಾ

ತಾ.ಕ.: ಆಶಾ ಕಾರ್ಯಕರ್ತೆ ಬಾಳಮ್ಮ ಅಂಗಳದಲ್ಲಿ ಸಪ್ಪೆ ಚಹಾ ಕುಡಿಯುತ್ತಿದ್ದಾಳೆ. ಬಸುರಿ ತಪಾಸಣೆಯ ನನ್ನ ‘ತಾಯಿ ಕಾರ್ಡ್’ ಒಳಗೆ ಈ ಕಾಗದ ಇಟ್ಟು ಅವಳಿಗೆ ಕೊಡುತ್ತೇನೆ, ಅಂಚೆಗೆ ಹಾಕುತ್ತಾಳೆ. ಚಹಾ ಮುಗಿಯುವುದರೊಳಗೆ ಇದನ್ನೂ ಬರೆಯಬೇಕು.

ಇದರೊಳಗೆ ಮಡಿಸಿದ ಇನ್ನೊಂದು ಚೀಟಿಯಿದೆ. ತಾರೀಖು ನೋಡು: ೧೬ ನವೆಂಬರ್ ೨೦೨೨. ಅಂದು ನಿನಗೆ ಮೀಟಿಂಗ್ ಇತ್ತು, ನಾನೊಬ್ಬಳೇ ಆಳಂದಕ್ಕೆ ಹೋಗಿ ರಿಪೋರ್ಟು ತಂದೆ. ಸಕ್ಕರೆ ಬಹಳವಿದೆ, ಕೂಡಲೇ ಬಂದು ಕಾಣು ಎಂದು ಬರೆದಿದೆ. ಆ ಶುಕ್ರವಾರ ನನ್ನ ಏಳನೆಯ ತಿಂಗಳ ಸತ್ವಾಸಾ ಶಾಸ್ತ್ರವಿತ್ತು. ನಲವತ್ತು ಹೆಂಗಸರನ್ನು ಕರೆದು, ಮೊಣಕೈವರೆಗೆ ತುಪ್ಪ ಮಾಡಿಕೊಂಡು ಲಾಡು ಕಟ್ಟುತ್ತ ಕೂತಿದ್ದೆ ನೀನು. ಶುಕ್ರವಾರ ಮುಗಿಯಲಿ, ಶನಿವಾರ ಹೇಳಿದರಾಯಿತು ಎಂದುಕೊಂಡೆ. ಶನಿವಾರ ನೀನು ನನ್ನ ಬಾಯಿಗೆ ಲಾಡು ಇಟ್ಟು, “ಜೀವನಾ ಪೂರಾ ಹಳದಿ ಗೆರಿ ಕೂಸೇ ತೂಗೇನಿ. ನನ್ನ ಮೊಮ್ಮಗ ಹಸಿರು ಗೆರಿ ದಾಟಲಿ” ಎಂದೆ. ಆಮೇಲೆ ಹೇಳಲಾಗಲಿಲ್ಲ. ಅದಾದ ಮೇಲೆ, ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳುತ್ತೀಯೆಂದು ಹೇಳಲಿಲ್ಲ. ಚೀಟಿಯನ್ನು ಬಿ.ಎ. ಸರ್ಟಿಫಿಕೇಟಿನ ಫೈಲಿನಲ್ಲಿಟ್ಟೆ, ಮದುವೆಯಾದ ಮೇಲೆ ಯಾರೂ ತೆರೆಯದ ಜಾಗ.

ಕೂಸು ನಾಲ್ಕು ಕಿಲೋ ಮುನ್ನೂರು. ತಲೆ ಬಂತು, ಭುಜ ಬರಲಿಲ್ಲ. ಮೂರನೆಯ ದಿನ ಎಲ್ಲರೆದುರು ಅತ್ತೆ ನಿನಗೆ, “ಲಾಡು ತಿನಿಸಿ ತಿನಿಸಿ ಕೊಂದಿ” ಎಂದರು. ನೀನು ತಲೆ ಎತ್ತದೆ, “ಹೌದ್ರಿ, ನನ್ನ ಕೈಲೇ ಆತು” ಎಂದೆ. ನಾನು ಪರದೆಯ ಹಿಂದೆ ಎಚ್ಚರವಾಗಿಯೇ ಇದ್ದೆ.

ಇಲ್ಲಿ ತುಪ್ಪ ಬೇಡವೆನ್ನಲು ಬಾಯಿ ತೆರೆದಾಗಲೆಲ್ಲ ಮುಚ್ಚಿಟ್ಟ ಈ ಚೀಟಿಯ ಮಾತೇ ಮೊದಲು ಗಂಟಲಿಗೆ ಬರುತ್ತದೆ. ಅದನ್ನು ಒಳಗೆ ದೂಡಲು ತುಪ್ಪವನ್ನೇ ನುಂಗುತ್ತೇನೆ.

ಚೀಟಿ ಹಿಡಿದುಕೊಂಡು ಬಾ. ಅತ್ತೆಯ ಮುಂದೆ ತಾರೀಖು ಸಮೇತ ನಾನೇ ಓದುತ್ತೇನೆ. ನಿನಗೆ ಬರಲು ಮನಸ್ಸಾಗದಿದ್ದರೆ ಸೋಮವಾರ ಬೆಳಿಗ್ಗೆ ಚೀಟಿಯಿಲ್ಲದೆಯೇ ಹೇಳುತ್ತೇನೆ.

ಅಂದಿನಿಂದ ನೀನು ಈದ್‌ಗೂ ಲಾಡು ಕಟ್ಟಿಲ್ಲವಂತೆ. ಫೋನಿನಲ್ಲಿ ‘ಉಂಡೀಯೇನು’ ಎಂದು ಕೇಳಹೋಗಿ ಬಿಸಿಲಿನ ಮಾತಿಗೆ ಹೊರಳುತ್ತೀ. ಲಾಡು ಕಟ್ಟು, ಅಮ್ಮಿ. ಹಳದಿ ಗೆರೆಯ ಕೂಸುಗಳಿಗೆ ಹಂಚು. ನನಗೆ ಮಾತ್ರ ತರಬೇಡ.